ಮಂಗಳ ಎಂಬ ಸಿಬ್ಬಂದಿ ನಮ್ಮಲ್ಲಿಲ್ಲ

ವಿಮಾನ ಕಂಪನಿಯಲ್ಲಿ ಕೆಲಸ ಎಂದ ಕೂಡಲೇ ಜನ 'ಗಗನಸಖಿಯಾ?' ಎಂದು ಕೇಳಲು ಬಾಯಿ ತೆರೆಯುತ್ತಿದ್ದರು. ಆಮೇಲೆ ನನ್ನ ಗಾತ್ರ ನೋಡಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ನಾನು ದುಡಿದ ಅಷ್ಟೂ ವರ್ಷ ನೆಲದ ಮೇಲೆಯೇ ಇದ್ದೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದ್ದೆ. ಕಂಪನಿಯ ಟಿಕೆಟ್ ಕಚೇರಿ ದಂಡಿನ ಕಡೆ, ಎಂದರೆ ಕಂಟೋನ್ಮೆಂಟಿನಲ್ಲಿ, ಗಾಜಿನ ಕಟ್ಟಡದಲ್ಲಿ ಥಳಥಳ ಹೊಳೆಯುತ್ತಿತ್ತು. ಟಿಕೆಟ್ ಕೊಂಡು ಹಾರಿ ಬಂದು ಸಿಟ್ಟಾದವರನ್ನು ಮಾತ್ರ ನಮ್ಮ ದೂರು ವಿಭಾಗಕ್ಕೆ, ಜಯನಗರಕ್ಕೆ, ಕಳಿಸುತ್ತಿದ್ದರು. ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವರ ಅರ್ಧ ಸಿಟ್ಟು ಏದುಸಿರಿಗೇ ಖರ್ಚಾಗಿರುತ್ತಿತ್ತು. ಉಳಿದರ್ಧಕ್ಕೆ ನಾವು ಫಿಲ್ಟರ್ ಕಾಫಿ ಕೊಡುತ್ತಿದ್ದೆವು.

ಕಳೆದುಹೋದ ಪೆಟ್ಟಿಗೆ ಒಬ್ಬರ ಪಾಲು, ಹಳಸಿದ ಊಟ ಇನ್ನೊಬ್ಬರ ಪಾಲು. ನನ್ನ ಪಾಲಿಗೆ ಬಂದದ್ದು ಮನರಂಜನೆ. ಎಂದರೆ, ವಿಮಾನದೊಳಗೆ ಆಗಬೇಕಾಗಿದ್ದು ಆಗದೆ ಹೋದ ಮನರಂಜನೆ. ಈಗ ಇಂಥ ಕೆಲಸಕ್ಕೆ ಸೇರುವ ಹುಡುಗಿಯರು ನನ್ನನ್ನು ಕಂಡಾಗ, "ಆಂಟಿ, ದಿನವೆಲ್ಲ ಬೈಸ್ಕೊಂಡು ಹೆಂಗಿದ್ರಿ?" ಎಂದು ಕೇಳುತ್ತಾರೆ. ಬೈಸಿಕೊಂಡದ್ದು ನಿಜ. ಆದರೆ ನಕ್ಕಷ್ಟು ಬೈಸಿಕೊಂಡಿಲ್ಲ. ಅವರಿಗೆಂದೇ ಇದನ್ನು ಬರೆಯುತ್ತಿದ್ದೇನೆ.

ತೊಂಬತ್ತರ ದಶಕದಲ್ಲಿ ನಾನು ಸೇರಿದಾಗ ವಿಮಾನದ ಮುಂಭಾಗದಲ್ಲಿ ಒಂದೇ ಪರದೆ, ಎಲ್ಲರಿಗೂ ಒಂದೇ ಸಿನಿಮಾ. ಹಾಗಾಗಿ ದೂರುಗಳೂ ಟೆಂಟ್ ಸಿನಿಮಾದ ದೂರುಗಳಂತೆಯೇ ಇರುತ್ತಿದ್ದವು. ಮುಂದಿನ ಸೀಟಿನ ಹೆಂಗಸಿನ ತುರುಬು ನಾಯಕಿಯ ಮುಖಕ್ಕೆ ಅಡ್ಡ ಬಂತು ಎಂದು ಒಬ್ಬರು ಬರೆದರೆ, ಹೋಗುವಾಗಲೂ ಬರುವಾಗಲೂ ಅದೇ ಸಿನಿಮಾ ತೋರಿಸಿದಿರಿ, ನಡುವೆ ನನ್ನ ಮಗಳ ಮದುವೆಯೇ ಮುಗಿದು ಹೋಯಿತು ಎಂದು ಇನ್ನೊಬ್ಬರು ಬರೆದಿದ್ದರು. ಮದುವೆಗೂ ಸಿನಿಮಾಕ್ಕೂ ಏನು ಸಂಬಂಧವೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಉತ್ತರದಲ್ಲಿ ವಧೂವರರಿಗೆ ಶುಭ ಕೋರಿ ಕೈ ತೊಳೆದುಕೊಂಡೆ.

ಆಗ ಕಿವಿಗೆ ಕೊಡುತ್ತಿದ್ದ ಸಾಧನದಲ್ಲಿ ವೈರೇ ಇರುತ್ತಿರಲಿಲ್ಲ. ಡಾಕ್ಟರ ಸ್ಟೆತಾಸ್ಕೋಪಿನಂಥ ಎರಡು ಪೊಳ್ಳು ಕೊಳವೆ, ಅಷ್ಟೆ. ಸೀಟಿನ ಕೈಯೊಳಗಿದ್ದ ಪುಟ್ಟ ಸ್ಪೀಕರಿನ ಸದ್ದು ಆ ಕೊಳವೆಯ ಗಾಳಿಯಲ್ಲೇ ಕಿವಿಗೆ ಬರುತ್ತಿತ್ತು. ಜೆ.ಪಿ. ನಗರದ ಹಿರಿಯರೊಬ್ಬರು ಅದನ್ನು ಜೇಬಿಗಿಳಿಸಿಕೊಂಡು ಮನೆಗೆ ತಂದಿದ್ದರು. ಆಮೇಲೆ ತಮ್ಮ ಟೇಪ್ ರೆಕಾರ್ಡರನ್ನೂ ಚೀಲದಲ್ಲಿ ಹೊತ್ತು ಕಚೇರಿಗೆ ಬಂದರು.

"ನೋಡಮ್ಮ, ಎಲ್ಲಿ ಚುಚ್ಚಿದ್ರೂ ಹಾಡೋದಿಲ್ಲ. ಕೆಟ್ಟಿರೋದು ಕೊಟ್ಟಿದೀರ."

"ಸಾರ್, ಅದ್ರಲ್ಲಿ ವೈರೇ ಇಲ್ಲ. ಬರೀ ಕೊಳವೆ. ಸದ್ದು ಗಾಳೀಲಿ ಬರುತ್ತೆ."

"ಅಂದ್ರೆ ಅಷ್ಟು ಹೊತ್ತು ನಾನು ಕೇಳಿದ್ದು ಗಾಳೀನಾ?"

"ಒಂಥರಾ ಹಾಗೇ, ಸಾರ್."

ಅವರು ಕೊಳವೆಯನ್ನು ಒಮ್ಮೆ ಊದಿ ನೋಡಿದರು. "ಸಂಗೀತ ಸುಮಾರಾಗಿತ್ತು. ಗಾಳಿ ಅಂದ್ಮೇಲೆ ಪರ್ವಾಗಿಲ್ಲ ಬಿಡಿ," ಎಂದು ದೂರನ್ನು ಹಿಂತೆಗೆದುಕೊಂಡರು. ಆ ಕೊಳವೆಯನ್ನು ನಾನು ಕೇಳಲಿಲ್ಲ, ಅವರೂ ಕೊಡಲಿಲ್ಲ. ಅವರ ಮೊಮ್ಮಗಳು ಅದನ್ನು ಡಾಕ್ಟರಾಟಕ್ಕೆ ಇಟ್ಟುಕೊಂಡಳಂತೆ.

ನಮ್ಮ ಮ್ಯಾನೇಜರು ಕುರಿಯನ್ ಸಾರ್, ಕೊಟ್ಟಾಯಂ ಕಡೆಯವರು. ಪ್ರತಿ ಉತ್ತರಕ್ಕೂ ಅವರದು ಮೂರೇ ಪ್ಯಾರಾದ ಸೂತ್ರ: ಥ್ಯಾಂಕ್ಸು, ರಿಗ್ರೆಟ್ಟು, ಹೋಪು. ಬರೆದದ್ದಕ್ಕೆ ಥ್ಯಾಂಕ್ಸು, ಆದದ್ದಕ್ಕೆ ರಿಗ್ರೆಟ್ಟು, ಮತ್ತೆ ಹತ್ತುತ್ತೀರೆಂದು ಹೋಪು. ಒಳ್ಳೆಯ ಮನುಷ್ಯ, ಕೂಗಾಡಿದವರಲ್ಲ. ಸಿಟಿ ಬಸ್ಸಿನ ಬೋರ್ಡುಗಳನ್ನು ಓದಿ ಓದಿ ತಾವಾಗಿಯೇ ಕನ್ನಡ ಕಲಿತವರೆಂಬ ಹೆಮ್ಮೆ ಅವರಿಗಿತ್ತು. ಅಕ್ಷರ ಚೆನ್ನಾಗಿ ಬರುತ್ತಿತ್ತು, ಅರ್ಥದಲ್ಲಿ ಮಾತ್ರ ಎಡವಟ್ಟು. ಬಂದ ಹೊಸದರಲ್ಲಿ 'ಹುಳಿಮಾವು' ಬೋರ್ಡು ನೋಡಿ ಅದು ಉಪ್ಪಿನಕಾಯಿ ಕಾರ್ಖಾನೆಯ ಬಸ್ಸೆಂದು ಹೆಂಡತಿಗೆ ಹೇಳಿದ್ದರಂತೆ. ಅಲ್ಲಿಂದ ಎರಡು ಬಾಟಲಿ ತರಬೇಕೆಂದು ಆಕೆ ಹಟ ಹಿಡಿದಿದ್ದರಂತೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಪ್ರತಿ ಸೀಟಿನ ಬೆನ್ನಿಗೂ ಪರದೆ ಬಂತು. ಯಾರು ಬೇಕಾದರೂ ತಮಗೆ ಬೇಕಾದ ಸಿನಿಮಾ ನೋಡಬಹುದಾಯಿತು. ಒಂದು ಪರದೆಯ ಜಾಗದಲ್ಲಿ ನೂರಾರು ಪರದೆ ಬಂದಾಗ ದೂರೂ ಅಷ್ಟೇ ಪಾಲು ಹೆಚ್ಚಿತು. ಕೆಟ್ಟರೆ ಇದ್ದದ್ದು ಒಂದೇ ಮದ್ದು, 'ರೀಸೆಟ್'. ಅದನ್ನು ಒತ್ತಿದರೆ ಸಿನಿಮಾ ಮೊದಲಿಂದ ಶುರುವಾಗುತ್ತಿತ್ತು. ಬಿ.ಟಿ.ಎಂ. ಲೇಔಟಿನ ಒಬ್ಬರಿಗೆ ಪರದೆಯಲ್ಲಿ ದಾರಿಯುದ್ದಕ್ಕೂ ಭೂಪಟ ಬಿಟ್ಟು ಬೇರೇನೂ ಬರಲಿಲ್ಲ. ಅವರ ದೂರು ಅದಲ್ಲ. ವಿಮಾನ ಇಳಿದು ಬಾಗಿಲು ತೆಗೆದರೂ ಪಟದೊಳಗಿನ ವಿಮಾನ ಇನ್ನೂ ಅರಬ್ಬೀ ಸಮುದ್ರದ ಮೇಲೇ ಇತ್ತಂತೆ. "ಮೇಡಂ, ನಾನು ಇಳಿದದ್ದು ಬೆಂಗಳೂರೇ ಹೌದಲ್ರೀ?" ಎಂದು ಧಾರವಾಡದ ದನಿಯಲ್ಲಿ ಗಂಭೀರವಾಗಿ ಕೇಳಿದರು. ಹೌದೆಂದು ಕಂಪನಿಯ ಪರವಾಗಿ ಭರವಸೆ ಕೊಟ್ಟೆ.

ಹೊಸಬರಿಗೆ ನಾನು ಹೇಳುವ ಒಂದೇ ಗುಟ್ಟು ಇದು. ದೂರು ಓದುವಾಗ ಸಿಟ್ಟಿನ ಸಾಲುಗಳನ್ನು ದಾಟಿಕೊಂಡು ಹೋಗಿ. ಜನ ಇಂಗ್ಲಿಷಿನಲ್ಲಿ ಗದರುತ್ತಾರೆ. ನಿಜವಾಗಿ ಬೇಕಾದದ್ದನ್ನು ಕೇಳುವ ಹೊತ್ತಿಗೆ ಮನೆಯ ಮಾತಿಗೆ ಇಳಿದಿರುತ್ತಾರೆ. ಆ ಮಾತನ್ನು ಸರಿಯಾಗಿ ಕೇಳಿಸಿಕೊಂಡರೆ ಕೆಲಸ ಮುಗಿದಂತೆ. ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಲಲಿತಮ್ಮನವರ ಪ್ರಕರಣವನ್ನೇ ಹೇಳಬೇಕು.

ನಾನು ತುಮಕೂರಿಗೆ ಸಂಬಂಧಿಕರ ಮದುವೆಗೆ ಹೋಗಿ ಬಂದಾಗ ಕಚೇರಿಯಲ್ಲಿ ಕುರಿಯನ್ ಸಾರ್ ತಲೆಯ ಮೇಲೆ ಕೈಹೊತ್ತು ಕೂತಿದ್ದರು.

"ವಸಂತಾ, ಈ ಮಂಗಳ ಯಾರು?"

"ಯಾವ ಮಂಗಳ, ಸಾರ್?"

"ಗೊತ್ತಿಲ್ಲ. ಹೆಡ್ ಆಫೀಸಲ್ಲೂ ಗೊತ್ತಿಲ್ಲ. ಇಡೀ ಫ್ಲೈಟ್ ಸ್ಟಾಫ್ ವಿಚಾರಣೆ ಮಾಡಿದಾರೆ. ಮಂಗಳ ಅಂತ ಒಬ್ಬಳೂ ಇಲ್ಲ."

ನಾನಿಲ್ಲದಾಗ ಬನಶಂಕರಿಯಿಂದ ಕನ್ನಡದಲ್ಲಿ ಒಂದು ದೂರು ಬಂದಿತ್ತು. ಸಾರ್ ತಮ್ಮ ಬಸ್ ಬೋರ್ಡಿನ ಕನ್ನಡದಲ್ಲಿ ಅದನ್ನು ಓದಿ, ತಾವೇ ಇಂಗ್ಲಿಷಿಗೆ ತಂದು ಹೆಡ್ ಆಫೀಸಿಗೆ ಕಳಿಸಿದ್ದರು. "ನಿಮ್ಮ ವಿಮಾನದಲ್ಲಿ ಟಿವಿ ಕೆಟ್ಟು ನನಗೆ ಮಂಗಳ ಆಗಲಿಲ್ಲ. ನಿಮ್ಮ ಹುಡುಗಿ ಬಂದು ಏನೋ ಒತ್ತಿದಳು, ಮೊದಲಿಂದ ಶುರುವಾಯಿತು. ನನಗೆ ಬೇಗ ಮಂಗಳ ಮಾಡಿಸಿಕೊಡಿ, ನಮ್ಮಕ್ಕ ಕಾಯುತ್ತಿದ್ದಾಳೆ," ಎಂದು ಅದರಲ್ಲಿತ್ತು. ಸಾರ್ ಪಾಲಿಗೆ ಮಂಗಳ ಎಂದರೆ ಹೆಣ್ಣುಮಗಳ ಹೆಸರು. ಮಂಗಳ ಎಂಬ ಪರಿಚಾರಿಕೆ ಸಹಾಯಕ್ಕೆ ಬರಲಿಲ್ಲ, ಅವಳನ್ನು ಪ್ರಯಾಣಿಕರ ಅಕ್ಕನ ಮನೆಗೆ ಕಳಿಸಬೇಕಂತೆ ಎಂದು ಅವರು ಅರ್ಥ ಮಾಡಿಕೊಂಡಿದ್ದರು. ಹೆಡ್ ಆಫೀಸಿನವರು ಬೆಚ್ಚಿಬಿದ್ದು ವಿಚಾರಣೆ ನಡೆಸಿ, ಲಲಿತಮ್ಮನವರಿಗೆ ಉತ್ತರ ಬರೆಸಿ ಕಳಿಸಿದ್ದರು: ಮಂಗಳ ಎಂಬ ಸಿಬ್ಬಂದಿ ನಮ್ಮಲ್ಲಿಲ್ಲ, ಆಕೆಯ ಚಹರೆ ತಿಳಿಸಿದರೆ ಮುಂದಿನ ಕ್ರಮ ಕೈಗೊಳ್ಳುತ್ತೇವೆ.

ನಾನು ನಗು ತಡೆಯುತ್ತಿರುವಾಗಲೇ ಆ ಉತ್ತರವನ್ನು ತರಕಾರಿ ಬುಟ್ಟಿಯಲ್ಲಿಟ್ಟುಕೊಂಡು ಲಲಿತಮ್ಮ ಮೆಟ್ಟಿಲು ಹತ್ತಿ ಬಂದರು. ಅರವತ್ತರ ಆಸುಪಾಸು, ಗಟ್ಟಿ ಮೈಕಟ್ಟು. ಮದುವೆ ಮನೆಗಳಲ್ಲಿ ಚಿರೋಟಿ, ಹೋಳಿಗೆ ಮಾಡುವುದು ಅವರ ಕಸುಬು. ಇಲ್ಲಿನ ಸಂಸಾರವೊಂದು ವಿಲಾಯಿತಿಯಲ್ಲಿ ಮದುವೆ ಮಾಡಿದಾಗ ಅಡುಗೆಗೆ ಅವರನ್ನು ಕರೆದೊಯ್ದಿತ್ತು. ವಾಪಸ್ ಬರುವಾಗ ಈ ಘಟನೆ.

"ಚಹರೆ ಹೇಳ್ಬೇಕಂತೆ! ಮಂಗಳಕ್ಕೆ ಎಂಥ ಚಹರೆ ರೀ? ಮಂಗಳ ಅಂದ್ರೆ ಗೊತ್ತಿಲ್ವಾ ನಿಮ್ಗೆ?"

"ಗೊತ್ತು, ಲಲಿತಮ್ಮನೋರೆ. ಕೂತ್ಕೊಳಿ. ಕಥೆ ಮುಗಿದ್ಮೇಲೆ ಹಾಡೋದು. ನೀವು ನೋಡ್ತಿದ್ದ ಸಿನಿಮಾ ಪೂರ್ತಿ ಆಗ್ಲಿಲ್ಲ, ಅಷ್ಟೇ ತಾನೆ?"

"ಅಷ್ಟೇ ತಾನೆ ಅಂತೀರಲ್ಲ!" ಎಂದು ಕೂತು, ಕಾಫಿ ಕುಡಿದು, ಎಲ್ಲ ಹೇಳಿದರು.

ಹಿಮದ ನಾಡಿನ ಸಿನಿಮಾ. ಒಂಟಿ ಮುದುಕ, ಅವನಿಗೊಂದು ನಾಯಿ. ಒಂದು ದಿನ ನಾಯಿ ಕಾಣೆಯಾಗುತ್ತದೆ. ಮುದುಕ ಊರೂರು ಅಲೆದು ಹುಡುಕುತ್ತಾನೆ. ಕೊನೆಗೊಂದು ಹೆಪ್ಪುಗಟ್ಟಿದ ಹೊಳೆ. ಈಚೆ ದಡದಲ್ಲಿ ಮುದುಕ, ಆಚೆ ದಡದಲ್ಲಿ ನಾಯಿ. ಅವನು ಕರೆಯುತ್ತಾನೆ, ಅದು ಬರುವುದಿಲ್ಲ. ಅವನು ಮಂಜುಗಡ್ಡೆಯ ಮೇಲೆ ಕಾಲಿಡುತ್ತಾನೆ, ಪಟಪಟ ಬಿರುಕು ಬಿಡುತ್ತದೆ. ಆಗ ಪರದೆ ನೀಲಿಯಾಗಿ ನಿಂತುಹೋಯಿತು. ರೀಸೆಟ್ ಮಾಡಿದಾಗ ಮೊದಲಿಂದ ಶುರುವಾದ ಕಥೆ ಹೊಳೆ ಮುಟ್ಟುವ ಮುನ್ನವೇ ವಿಮಾನ ಇಳಿಯಿತು.

"ನಿಮ್ಗೆ ಇಂಗ್ಲಿಷು ಅರ್ಥ ಆಯ್ತಾ?" ಎಂದು ಕುರಿಯನ್ ಸಾರ್ ಕೇಳಿದರು.

"ಇಂಗ್ಲಿಷ್ ಯಾಕೆ ಬೇಕು ಸಾರ್? ಆ ಮುದುಕ ಅಳೋದು ಕನ್ನಡದಲ್ಲೇ ಅಳ್ತಾನೆ."

ತಾಯಿ ಬೇಗ ತೀರಿಕೊಂಡದ್ದರಿಂದ ಲಲಿತಮ್ಮನವರನ್ನು ಸಾಕಿದವರು ಅವರ ಅಕ್ಕ ಗಿರಿಜಮ್ಮ. ಮದುವೆಯಾಗದೆ ಉಳಿದು, ಊರೂರಿನ ಗುಡಿಗಳಲ್ಲಿ ಶಿವಕಥೆ ಮಾಡುತ್ತ ತಂಗಿಯನ್ನು ಬೆಳೆಸಿದವರು. ಈಗ ಅವರ ಹೃದಯದ ಕವಾಟ ಕೆಟ್ಟಿತ್ತು, ಆಪರೇಷನ್ ನಿಗದಿಯಾಗಿತ್ತು. ಬೇಸರ ಕಳೆಯಲೆಂದು ಲಲಿತಮ್ಮ ವಿಮಾನದ ಸಿನಿಮಾ ಕಥೆಯನ್ನು ಮಧ್ಯಾಹ್ನ ಮಧ್ಯಾಹ್ನ ಸ್ವಲ್ಪ ಸ್ವಲ್ಪವಾಗಿ ಹೇಳಿ, ಹೊಳೆಯ ದಡಕ್ಕೆ ತಂದು ನಿಲ್ಲಿಸಿದ್ದರು. ಆಮೇಲೆ ಏನಾಯಿತು ಎಂದರೆ ಟಿವಿ ಕೆಟ್ಟುಹೋಯಿತು!

"ಅಕ್ಕ ಈಗ ಆಪರೇಷನ್ ಕಾಗದಕ್ಕೆ ಸಹಿ ಹಾಕಲ್ಲ ಅಂತ ಕೂತವ್ಳೆ. 'ಜೀವಮಾನದಲ್ಲಿ ಮಂಗಳ ಹಾಡ್ದೆ ಒಂದು ಕಥೆಯಿಂದ ಎದ್ದಿಲ್ಲ. ಅವನು ದಾಟಿದ್ನೋ ಮುಳುಗಿದ್ನೋ ಗೊತ್ತಿಲ್ದೆ ನಾನು ಎದೆ ಕೊಯ್ಸ್ಕೊಳಕ್ಕೆ ಹೋಗಲ್ಲ' ಅಂತಾಳೆ. ಡಾಕ್ಟ್ರು ತಡ ಮಾಡ್ಬೇಡಿ ಅಂತವ್ರೆ." ಇಷ್ಟು ಹೊತ್ತು ಜಗಳದ ಹುರುಪಿನಲ್ಲಿದ್ದ ಲಲಿತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಾನೇ ಏನಾದ್ರೂ ಕಟ್ಟಿ ಹೇಳ್ಬೋದಿತ್ತು. ಆದ್ರೆ ಅವ್ಳು ಕಥೆ ಹೇಳೋಳು. ಸುಳ್ಳು ಕೊನೆ ತಕ್ಷಣ ಗೊತ್ತಾಗುತ್ತೆ."

ಕುರಿಯನ್ ಸಾರ್ ಮುಖ ಕೆಂಪಾಯಿತು. ಮಂಗಳದ ಅರ್ಥ ಹೊಳೆದು ಮೊದಲು ನಗು ಬಂತು, ಆಮೇಲೆ ನಾಚಿಕೆ. "ನಾನೇ ಹೆಡ್ ಆಫೀಸಿಗೆ ಕೇಳ್ತೀನಿ," ಎಂದರು. ಕೇಳಿದರು ಕೂಡ. ಸಿನಿಮಾ ಆ ತಿಂಗಳ ಪಟ್ಟಿಯಿಂದ ಹೋಗಿದೆ, ಕಥೆಯ ಬಗ್ಗೆ ನಾವೇನೂ ಹೇಳುವಂತಿಲ್ಲ, ಬೇಕಿದ್ದರೆ ಪ್ರಯಾಣಿಕರಿಗೆ ಮುಂದಿನ ಟಿಕೆಟ್ಟಿನಲ್ಲಿ ರಿಯಾಯಿತಿ ಕೊಡಿ ಎಂದು ಉತ್ತರ ಬಂತು. ನಾಲ್ಕನೇ ಬ್ಲಾಕಿನಿಂದ ಒಂಬತ್ತನೇ ಬ್ಲಾಕಿನವರೆಗೆ ಸಿ.ಡಿ. ಅಂಗಡಿಗಳನ್ನೆಲ್ಲ ನಾನು ಹುಡುಕಿದೆ. ಲಲಿತಮ್ಮನವರಿಗೆ ಸಿನಿಮಾದ ಹೆಸರು ನೆನಪಿರಲಿಲ್ಲ, ನಾಯಿ ಎಂದ ಕೂಡಲೇ ಎಲ್ಲರೂ ಮಕ್ಕಳ ಕಾರ್ಟೂನ್ ತೆಗೆದು ಕೊಡುತ್ತಿದ್ದರು.

ಆಗ ನನಗೊಂದು ಹೊಳೆಯಿತು. ವಿಮಾನದ ನಡುದಾರಿಯಲ್ಲಿ ಊಟದ ಗಾಡಿ ತಳ್ಳುವವರು ಆ ಸಿನಿಮಾವನ್ನು ಎಷ್ಟು ಸಲ ನೋಡಿರಬೇಕು! ಸಿಬ್ಬಂದಿಯ ಮೇಲ್ವಿಚಾರಕರಿಗೆ ಫೋನು ಮಾಡಿ, ಬೆಂಗಳೂರಿನ ಹೋಟೆಲಿನಲ್ಲಿ ತಂಗಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಿಸಿದೆ. ಕೊನೆಗೆ ಪ್ರಕಾಶ ಎನ್ನುವವರು ಸಿಕ್ಕಿದರು. "ಮುದುಕ, ನಾಯಿ, ಹೊಳೆ? ಹೌದು, ಅದು ನನಗೆ ಗೊತ್ತುಂಟು," ಎಂದರು. ಊರು ಯಾವುದೆಂದು ಕೇಳಿದೆ. ಮಂಗಳೂರು! ನಾನು ಫೋನಿಟ್ಟು, "ಸಾರ್, ಮಂಗಳ ಸಿಗ್ಲಿಲ್ಲ, ಮಂಗಳೂರು ಸಿಕ್ತು," ಎಂದು ಕೂಗಿದೆ.

ಮರುದಿನವೇ ಸಾರ್, ಪ್ರಕಾಶ, ನಾನು ಮೂವರೂ ಒಂದೇ ಆಟೋದಲ್ಲಿ ಒತ್ತಿಕೊಂಡು ಬನಶಂಕರಿ ಎರಡನೇ ಹಂತದ ಲಲಿತಮ್ಮನವರ ಮನೆಗೆ ಹೋದೆವು. ಗಿರಿಜಮ್ಮ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಕಡ್ಡಿಯಂಥ ಮೈ, ಆದರೆ ದನಿ ಗುಡಿಯ ಮೂಲೆಮೂಲೆಗೂ ಮುಟ್ಟುವಂಥದ್ದು.

"ಯಾರಪ್ಪ ಕಥೆ ತಂದಿರೋನು?"

ಪ್ರಕಾಶ ಕೈಮುಗಿದು ಸಂಕೋಚದಿಂದ ಹೇಳಿದರು: "ಅಮ್ಮಾ, ಒಂದು ವಿಷಯ ಮೊದಲೇ ಹೇಳ್ತೇನೆ. ನಾನು ನೋಡಿದ್ದು ಹೌದು. ಆದ್ರೆ ಡ್ಯೂಟಿಯಲ್ಲಿ ಕಿವಿಗೆ ಎಂತದೂ ಹಾಕಿಕೊಳ್ಳುವ ಹಾಗಿಲ್ಲ. ಒಂದು ಮಾತು ಸಹ ಕೇಳ್ಲಿಲ್ಲ. ಬರೀ ಚಿತ್ರ."

"ಪರ್ವಾಗಿಲ್ಲ. ಚಿತ್ರ ನೀನು ಕೊಡು, ಮಾತು ನಾನು ಕೊಡ್ತೀನಿ. ಎಲ್ಲಿದಾನೆ ಈಗ ಮುದುಕ?"

"ಮಂಜುಗಡ್ಡೆಯ ಮೇಲೆ ಇದ್ದಾನೆ ಅವ. ಬಿರುಕು ಬಿಡ್ತದೆ. ಅವ ನಿಲ್ತಾನೆ. ಮತ್ತೆ ಹೊಟ್ಟೆಯ ಮೇಲೆ ಮಲಗಿ, ತೆವಳಿಕೊಂಡು ಹೋಗ್ತಾನೆ."

ಗಿರಿಜಮ್ಮ "ಹ್ಞೂಂ" ಎಂದರು. ಕಥೆ ಕೇಳುವವರು ಹ್ಞೂಂಗುಟ್ಟಲೇಬೇಕಲ್ಲ, ನಾವೆಲ್ಲರೂ "ಹ್ಞೂಂ" ಎಂದೆವು. ಕುರಿಯನ್ ಸಾರ್ ಅವರದು ಸ್ವಲ್ಪ ತಡವಾಗಿ ಬಂತು.

"ನಾಯಿ ನೋಡ್ತಾ ಉಂಟು, ಆದ್ರೆ ಬರುದಿಲ್ಲ..."

"ತಡಿ," ಎಂದು ಗಿರಿಜಮ್ಮ ಕೈ ಎತ್ತಿದರು. "ಅದು ಹೆಣ್ಣು ನಾಯಿ. ಅಲ್ವಾ? ಮರಿ ಹಾಕಿದೆ. ಅದಕ್ಕೇ ಬರ್ತಿಲ್ಲ."

ಪ್ರಕಾಶ ಬಾಯಿ ಬಿಟ್ಟುಕೊಂಡು ಕೂತರು. "ನಿಮಗೆ ಹೇಗೆ ಗೊತ್ತುಂಟು ಮಾರಾಯ್ರೆ?"

"ಎಷ್ಟು ಕರೆದ್ರೂ ಬರಲ್ಲ ಅಂದ್ರೆ ಇನ್ನೇನು ಕಾರಣ ಇರುತ್ತಪ್ಪ? ಮುಂದೆ ಹೇಳು. ದಾಟಿದ್ನಾ?"

"ದಾಟಿದ. ಒಂದು ಹಳೆ ದೋಣಿಯ ಅಡಿಯಲ್ಲಿ ಮರಿಗಳುಂಟು. ಮುದುಕ ಅಲ್ಲೇ ಕೂರ್ತಾನೆ. ಕೋಟು ತೆಗೆದು ಮರಿಗಳಿಗೆ ಹೊದಿಸ್ತಾನೆ. ಮತ್ತೆ ನಾಯಿಯ ಮುಖ ಹಿಡಿದು ಎಂತದೋ ಹೇಳ್ತಾನೆ. ಒಂದೇ ಮಾತು. ಅದು ನನಗೆ ಗೊತ್ತಿಲ್ಲ. ಅಲ್ಲಿಗೆ ಸಿನಿಮಾ ಮುಗಿಯಿತು."

ಇಷ್ಟು ದೂರ ಬಂದ ಕಥೆ ಒಂದು ಮಾತಿಗಾಗಿ ಮತ್ತೆ ನಿಂತುಬಿಟ್ಟಿತಲ್ಲ ಎಂದುಕೊಂಡೆ. ಗಿರಿಜಮ್ಮ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ದಿಂಬು ಸರಿಸಿ ನೆಟ್ಟಗೆ ಕೂತು, ಆ ಮುದುಕನ ನಡುಗುವ ದನಿಯಲ್ಲಿ, ಎದುರಿಗೆ ನಾಯಿ ಇದ್ದ ಹಾಗೆ ಕೈ ಚಾಚಿ ಹೇಳಿದರು:

"ಒಂದ್ಮಾತು ಹೇಳಿ ಬರಬಾರದಿತ್ತೇನೇ?"

ಲಲಿತಮ್ಮ ಬಿಕ್ಕಿ ಬಿಕ್ಕಿ ಅಳತೊಡಗಿದರು. ನನಗೂ ಅಳು ಬಂತು. ಪ್ರಕಾಶ ಮೆಲ್ಲಗೆ, "ಅದೇ ಇರಬೇಕು. ಬಾಯಿ ಹಾಗೇ ಆಡ್ತಿತ್ತು," ಎಂದರು. ಕನ್ನಡವೇ ಗೊತ್ತಿಲ್ಲದ ಆ ಮುದುಕನ ಬಾಯಿ ಹಾಗೆ ಆಡಲು ಹೇಗೆ ಸಾಧ್ಯ ಎಂದು ನಾವ್ಯಾರೂ ಕೇಳಲಿಲ್ಲ.

"ಅಕ್ಕಾ, ಅವನು ಅಲ್ಲೇ ಉಳ್ಕೊಂಡ್ನಲ್ಲೇ," ಎಂದರು ಲಲಿತಮ್ಮ. ಅವರ ಭಯ ಏನೆಂದು ಎಲ್ಲರಿಗೂ ಗೊತ್ತಾಯಿತು.

"ಅವನ ಮರಿಗಳು ಆಚೆ ದಡದಲ್ಲಿದ್ವು, ಉಳ್ಕೊಂಡ." ಗಿರಿಜಮ್ಮ ತಂಗಿಯ ನರೆತ ತಲೆಯನ್ನು ಹಿಡಿದು ಅಲುಗಿಸಿದರು. "ನನ್ನ ಮರಿ ಈಚೆ ದಡದಲ್ಲಿ ಬೊಬ್ಬೆ ಹೊಡೀತಾ ಕೂತಿದೆ. ನಾನ್ಯಾಕೆ ಅಲ್ಲಿ ಉಳ್ಕೊಳ್ಲಿ? ಹೋಗಿ ಬರ್ತೀನಿ. ಏಳು, ಆರತಿ ತಟ್ಟೆ ತಗೊಂಡ್ಬಾ."

ಆಮೇಲೆ ಮಂಗಳ ಹಾಡಿದರು. ಆ ಬಡಕಲು ಎದೆಯಿಂದ ಅಂಥ ದನಿ ಬಂದದ್ದಕ್ಕೆ ಪಕ್ಕದ ಮನೆಯವರೆಲ್ಲ ಬಾಗಿಲಿಗೆ ಬಂದರು. ಕುರಿಯನ್ ಸಾರ್ ರಾಷ್ಟ್ರಗೀತೆಗೆ ನಿಲ್ಲುವಂತೆ ನೆಟ್ಟಗೆ ನಿಂತರು. ಹಾಡು ಮುಗಿದ ಮೇಲೆ ಗಿರಿಜಮ್ಮ ಆಸ್ಪತ್ರೆಯ ಕಾಗದ ತರಿಸಿ ಸಹಿ ಹಾಕಿದರು. ಆಪರೇಷನ್ ಚೆನ್ನಾಗಿ ಆಯಿತು. ಎಚ್ಚರವಾದ ಮೇಲೆ ಅವರು ನರ್ಸಿಗೆ ಆ ಕಥೆಯನ್ನು ಮೊದಲಿಂದ ಹೇಳಲು ಶುರು ಮಾಡಿದರಂತೆ, ನರ್ಸಮ್ಮ ಎಷ್ಟು ಬೇಡವೆಂದರೂ ಕೇಳದೆ.

ಆಮೇಲೆ ಕಂಪನಿಯಲ್ಲಿ ಬಹಳ ಬದಲಾಯಿತು. ದೂರುಗಳೆಲ್ಲ ಇಮೇಲಿನಲ್ಲಿ ಬರತೊಡಗಿದವು, ಉತ್ತರಗಳು ಎಲ್ಲೋ ದೂರದಿಂದ ತಾವಾಗಿಯೇ ಹೋಗತೊಡಗಿದವು. ಮೆಟ್ಟಿಲು ಹತ್ತಿ ಬರುವವರು ಇಲ್ಲವಾದರು, ಕಾಫಿಯ ಖರ್ಚು ಇಳಿಯಿತು. ಅದೊಂದೇ ನನಗೆ ಬೇಸರ.

ನಾನು ನಿವೃತ್ತಳಾದ ದಿನ ಕಚೇರಿಯಲ್ಲಿ ಸಣ್ಣ ಸಮಾರಂಭ. ಹೆಡ್ ಆಫೀಸಿನವರು ಸ್ಪೀಕರ್ ಫೋನಿನಲ್ಲಿ ನನ್ನ ಸೇವೆಗೆ ಥ್ಯಾಂಕ್ಸು ಹೇಳಿದರು, ನಾನು ಹೋಗುತ್ತಿರುವುದಕ್ಕೆ ರಿಗ್ರೆಟ್ಟು ಹೇಳಿದರು, ಮುಂದಿನ ಬದುಕಿಗೆ ಹೋಪು ಹೇಳಿದರು. ಹಾರ ಹಾಕಿಸಿಕೊಂಡು, ಬುತ್ತಿಡಬ್ಬಿ ಚೀಲಕ್ಕೆ ಹಾಕಿ, ಕಣ್ಣೀರು ಬರುವ ಮೊದಲೇ ಹೊರಡೋಣವೆಂದು ಎದ್ದೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಹಳೆಯ ಕಾಲದ ದೂರುದಾರರ ಏದುಸಿರೇ ಅದು. ಲಲಿತಮ್ಮ ಚಿರೋಟಿಯ ಡಬ್ಬ ಹಿಡಿದಿದ್ದರು. ಅವರ ತೋಳು ಹಿಡಿದು, ಮೊದಲಿಗಿಂತ ತುಸು ದಪ್ಪವಾಗಿ, ಗಿರಿಜಮ್ಮ.

"ಇಷ್ಟು ವರ್ಷದ ಕಥೆ, ಮಂಗಳ ಇಲ್ದೆ ಎದ್ದು ಹೋಗ್ತಿದೀಯಾ? ಕೂತ್ಕೋ," ಎಂದು ನನ್ನನ್ನು ಗದರಿ, ಕೂರಿಸಿ, ಅಲ್ಲೇ ಕಂಪ್ಯೂಟರುಗಳ ನಡುವೆ ನಿಂತು ದನಿ ಎತ್ತಿ ಹಾಡಿದರು. ಕೆಳಗಿನ ಸೀರೆ ಅಂಗಡಿಯವರು ಗಿರಾಕಿಗಳನ್ನು ಬಿಟ್ಟು ಮೇಲೆ ಬಂದರು. ಆಫ್ ಮಾಡುವುದನ್ನು ಮರೆತಿದ್ದ ಸ್ಪೀಕರ್ ಫೋನಿನಲ್ಲಿ ಹೆಡ್ ಆಫೀಸಿನವರು ಗಾಬರಿಯಿಂದ, ಅಲ್ಲೇನು ಸದ್ದು, ಯಾರು ಬಂದಿರುವುದು ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು.

ನಿವೃತ್ತರಾಗಿ ಊರು ಸೇರಿದ್ದರೂ ನನ್ನನ್ನು ಬೀಳ್ಕೊಡಲೆಂದೇ ಕೊಟ್ಟಾಯಂನಿಂದ ಬಂದಿದ್ದ ಕುರಿಯನ್ ಸಾರ್ ಫೋನಿನ ಹತ್ತಿರ ಬಗ್ಗಿ, ಬಸ್ ಬೋರ್ಡಿನ ಕನ್ನಡವನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು:

"ಮಂಗಳ ಡ್ಯೂಟಿಗೆ ಬಂದಿದಾಳೆ."